ಒಂದು ನಿಮಿಷ ಖಾಲಿ ತಿರುಗಲಿ

'ಮೊದಲು ಬ್ಯಾಟರಿ ತೆಗಿ.
ಮಿಕ್ಕಿದ್ದೆಲ್ಲ ಆಮೇಲೆ' ಅಂದಿದ್ದ ಬಕ್ಕೇಶಣ್ಣ,
ಪಿ.ಬಿ. ರಸ್ತೆಯ ಶೆಡ್ಡಿನಲ್ಲಿ ನನ್ನ ಮೊದಲ ದಿನ.
ಹಳೇ ಮಿಷನ್ನಿಗೆ ಗೋಡೆಯ ತನಕ ಬಾಲ ಇತ್ತು,
ಬಾಲ ಕಿತ್ತರೆ ಸತ್ತಿತು ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು.
ಇದು ಹಾಗಲ್ಲ. ಒಲೆಯ ಮಗ್ಗುಲ ಬೆಕ್ಕಿನಂತೆ
ಸುಮ್ಮನೆ ಮಲಗಿರುತ್ತದೆ, ಎಲ್ಲ ಒಳಗೇ ಇಟ್ಟುಕೊಂಡು.
'ವೈರಿಲ್ಲ ಅಂದ್ರೆ ವೈರಿ ಅಲ್ಲ ಅಂತಲ್ಲ, ಹಾಲವ್ವ.'
ತನ್ನ ಮಾತಿಗೆ ತಾನೇ ನಕ್ಕ.
ಎಡಗೆನ್ನೆಯ ಗೆರೆ ಮಾತ್ರ
ನಗಲಿಲ್ಲ.

ಆ ಗೆರೆ ಎಳೆದ ಚಕ್ರ ಶೆಡ್ಡಿನಲ್ಲೇ ಇದೆ,
ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದಾನೆ,
ಯಾರೋ ಕಚ್ಚಿಟ್ಟ ರೊಟ್ಟಿಯ ಹಾಗೆ ಕಾಲು ಭಾಗ ಇಲ್ಲ.
ಗಿರಾಕಿಗಳು ಕೇಳಿದರೆ ಹೇಳುವುದಿಲ್ಲ, ನನಗೂ ಹೇಳಿಲ್ಲ.
ಐದಿಂಚಿನ ಮಿಷನ್ನಿಗೆ ಗಾರ್ಡ್ ಬಿಚ್ಚಿ
ಏಳಿಂಚಿನದು ತೊಡಿಸಿದ್ದನಂತೆ;
ಎದುರಿನ ಪಂಕ್ಚರ್ ಅಂಗಡಿಯವನು ಹೇಳಿದ್ದು.

ಕಲಿತೆ.
ಹೊಸ ಚಕ್ರ ಬೆಳಕಿಗೆ ಹಿಡಿದು
ಬಳೆಗಾರ್ತಿಯಂತೆ ಸುತ್ತಲೂ ನೋಡುವುದು,
ಕೂದಲೆಳೆಯ ಬಿರುಕು, ಉದುರಿದ ಅಂಚು, ತೇವ.
ನಡುವಿನ ತಗಡಿನುಂಗುರದ ಮೇಲೆ
ಸಣ್ಣಕ್ಷರದಲ್ಲಿ ತಿಂಗಳು, ವರ್ಷ.
ಉಜ್ಜುವ ಕಲ್ಲಿಗೂ ಆಯಸ್ಸುಂಟೆಂದು ನನಗೆ ಗೊತ್ತಿರಲಿಲ್ಲ.
ಚಕ್ರ ತಾಳುವ ಸುತ್ತು ಮಿಷನ್ನಿನ ಸುತ್ತಿಗಿಂತ
ಹೆಚ್ಚಿರಲಿ, ಸಮ ಇದ್ದರೂ ಸೈ, ಕಮ್ಮಿ ಮಾತ್ರ ಬ್ಯಾಡ.
ಫ್ಲಾಂಜ್ ಒರೆಸು, ಮರಳಿನ ಕಾಳಿದ್ದರೂ ಓಲಾಡುತ್ತದೆ.
ನಟ್ಟು ಬಿಗಿ ಮಾಡು,
ಯಾರ ಮೇಲಿನದೋ ಸಿಟ್ಟು ನಟ್ಟಿನ ಮೇಲೆ ಬ್ಯಾಡ.
ಗಾರ್ಡು ನಿನಗೂ ಅದಕ್ಕೂ ನಡುವೆ.
ತೆಳ್ಳನೆಯದು ಕೊಯ್ಯಲಿಕ್ಕೆ, ದಪ್ಪನೆಯದು ಉಜ್ಜಲಿಕ್ಕೆ;
ಕೊಯ್ಯುವುದರ ಪಕ್ಕೆಯಿಂದ ಉಜ್ಜಿದರೆ
ಹಪ್ಪಳ ಬಗ್ಗಿಸಿದಂಗೆ.

ವೇಲು ಮನೆಯಲ್ಲಿ. ಜಡೆ ಅಂಗಿಯೊಳಗೆ.
ಕನ್ನಡಕ ಹಣೆಗೇರಿಸಿದರೆ
'ಹಣೆಗೇನು ಕಾಣ್ತತಿ?' ಎನ್ನುತ್ತಾನೆ.
ಕಿವಿಗೆ ಪ್ಲಗ್ಗು, ಹತ್ತಿ ಸಾಲದು.
ಅದನ್ನು ಅವನು ಹೇಳಬೇಕಿರಲಿಲ್ಲ.
ಈ ಊರಲ್ಲಿ ಗಿರಣಿ ಮುಚ್ಚಿದರೂ
ಗಿರಣಿಯ ಕಿವುಡು ಮುಚ್ಚಿಲ್ಲ,
ನಮ್ಮ ಮಗ್ಗದ ಖಾತೆಯ ಅಜ್ಜನನ್ನು ಕೂಗಿ ನೋಡಿ.

ಮೊನ್ನೆ ಮಂಡಕ್ಕಿ ಬಟ್ಟಿಯ ಮಾಳಿಗೆ ಮೇಲೆ
ಹೊಗೆಕೊಳವೆಗೆ ಹೊಸ ಪಟ್ಟಿ.
ಬೆಸುಗೆಯ ಗಂಟು ಉಜ್ಜುವುದಷ್ಟೇ ಉಳಿದಿತ್ತು.
ಹೊಟ್ಟಿನ ರಾಶಿಯತ್ತ ಕಿಡಿ ಹಾರದಂತೆ
ಜಾಗ ನೋಡಿ, ಬಕೆಟ್ಟಿನಲ್ಲಿ ನೀರಿಟ್ಟು, ನಿಂತಿದ್ದೆವು.
ಕೆಳಗಿಂದ ಗೌಸ್‌ಪೀರ್ ಸಾಹೇಬ್ರು,
'ಮುಗೀತೇನ್ರೀ? ಒಲೆ ಹಚ್ಚಬೇಕು, ಲಾರಿ ಬರೋ ಹೊತ್ತು!'
ಒಂದು ಸಲ. ಎರಡು ಸಲ.
ಮೂರನೇ ಸಲ ಮೆಟ್ಟಿಲು ಹತ್ತುವ ಸದ್ದು.

ಬಕ್ಕೇಶಣ್ಣ ಗುಂಡಿ ಒತ್ತಿ ಹಿಡಿದು
ಸವೆದ ಚಕ್ರಕ್ಕೆ ಸ್ಪ್ಯಾನರ್ ಹಾಕಿದ.
ಬ್ಯಾಟರಿ ಇತ್ತು.
ಹೆಬ್ಬೆರಳು ಸ್ವಿಚ್ಚಿನ ಪಕ್ಕದಲ್ಲೇ ಇತ್ತು.

ಹೇಳಲು ಬಾಯಿ ಬರಲಿಲ್ಲ,
ಹದಿನೆಂಟು ವರ್ಷದ ಕೈಗೆ ಎಂಟು ತಿಂಗಳ ಬಾಯಿ ಏನು ಹೇಳೀತು.
ಕೈ ಚಾಚಿ ಎಳೆದುಕೊಂಡೆ.
ಟಕ್.
ಬಿಸಿಯಿತ್ತು. ಬೊಗಸೆಯಲ್ಲಿ ಇಟ್ಟುಕೊಂಡೆ.

ಅವನು ನನ್ನ ಕಡೆ ನೋಡಲಿಲ್ಲ.
ಎಡಗೆನ್ನೆ ಒರೆಸಿಕೊಂಡ,
ಬೆವರಿಗೋ ಏನೋ.
ಹಳೆಯದು ತೆಗೆದ, ಹೊಸದರ ತಾರೀಖು ಓದಿದ,
ಓದಿದ್ದನ್ನೇ ಜೋರಾಗಿ ಮತ್ತೆ ಓದಿದ, ನನಗೆ ಕೇಳುವಂತೆ.
ಫ್ಲಾಂಜ್ ಒರೆಸಿದ. ನಟ್ಟು ಬಿಗಿದ.
ಕೈ ನೀಡಿ, 'ಕೊಡು' ಎಂದ.
ಕೊಟ್ಟೆ.

ಯಾರೂ ಇಲ್ಲದ ದಿಕ್ಕಿಗೆ ಚಕ್ರ ತಿರುಗಿಸಿ ಒತ್ತಿದ.
ಒಡೆಯುವುದಿದ್ದರೆ ಈಗಲೇ ಒಡೆಯಲಿ,
ಯಾವ ಕಬ್ಬಿಣವನ್ನೂ ಮುಟ್ಟುವ ಮುಂಚೆ.
ಮಾಳಿಗೆಗೆ ಬಂದ ಸಾಹೇಬ್ರು ಕೂಗಿದರು,
'ಪಟ್ಟಿ ಉಜ್ರೀ, ಗಾಳಿ ಯಾಕೆ ಉಜ್ತೀರಿ?'
ಉತ್ತರ ಕೊಡುವ ಬಾಯಿ ಎರಡಿದ್ದವು, ಎರಡೂ ಎಣಿಸುತ್ತಿದ್ದವು.

ನಲವತ್ತರಲ್ಲಿ ನನಗೆ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ ಶುರು ಮಾಡಿದೆ.
ಅವನೂ ನಿಲ್ಲಿಸಲಿಲ್ಲ.